ಎಟ್ರಸ್ಕನ್: ಓದಲು ಬರುತ್ತದೆ, ಅರ್ಥವಾಗುವುದಿಲ್ಲ

ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪುಸ್ತಕವೊಂದು ಕೈಗೆ ಸಿಕ್ಕಿತು ಅಂದುಕೊಳ್ಳಿ. ನಿಮಗೆ ಕೊಂಕಣಿ ಬರುವುದಿಲ್ಲ. ಆದರೂ ಗಡಗಡ ಓದಿಬಿಡಬಹುದು, ಅಲ್ವಾ? ಅರ್ಥ ಮಾತ್ರ ಅಲ್ಲೊಂದು ಇಲ್ಲೊಂದು ಪದಕ್ಕೆ ಹೊಳೆಯುತ್ತದೆ. ಎಟ್ರಸ್ಕನ್ ಭಾಷೆಯ ಕಥೆಯೂ ಹೀಗೆಯೇ. ಕೊಂಕಣಿಯಾದರೆ ಬಲ್ಲವರನ್ನು ಕೇಳಬಹುದು. ಎಟ್ರಸ್ಕನ್ ಆಡುವವರು ಮಾತ್ರ ಸುಮಾರು 2000 ವರ್ಷಗಳಿಂದ ಒಬ್ಬರೂ ಇಲ್ಲ.

ಇದು ಇಟಲಿಯಲ್ಲಿ, ಆರ್ನೋ ಮತ್ತು ಟೈಬರ್ ನದಿಗಳ ನಡುವಿನ ನಾಡಿನಲ್ಲಿದ್ದ ಭಾಷೆ. ಆ ಜನರನ್ನು ರೋಮನ್ನರು 'ಎಟ್ರುಸ್ಕಿ', 'ಟುಸ್ಕಿ' ಎಂದು ಕರೆದರು. ಇವತ್ತಿನ ಟಸ್ಕನಿ ಎಂಬ ಹೆಸರು ಬಂದದ್ದು ಅದರಿಂದಲೇ. ಅವರು ತಮ್ಮನ್ನು ಕರೆದುಕೊಂಡದ್ದು 'ರಸೆನ್ನ' ಅಂತ.

'ಎಟ್ರಸ್ಕನ್ ಲಿಪಿ ಯಾರಿಗೂ ಓದಲು ಬಂದಿಲ್ಲ' ಎಂಬ ಮಾತು ಆಗಾಗ ಕೇಳಿಸುತ್ತದೆ. ಅದು ತಪ್ಪು. ಲಿಪಿ ಗ್ರೀಕರಿಂದ ಪಡೆದದ್ದು, ಹೆಚ್ಚಾಗಿ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಓದುವುದು ಕಷ್ಟವಲ್ಲ. ತೊಡಕಿರುವುದು ಭಾಷೆಯಲ್ಲಿ. ಲ್ಯಾಟಿನ್, ಗ್ರೀಕ್, ಸಂಸ್ಕೃತಗಳ ಕುಟುಂಬಕ್ಕೆ ಇದು ಸೇರಿಲ್ಲ. ಗ್ರೀಸಿನ ಲೆಮ್ನೋಸ್ ದ್ವೀಪದಲ್ಲಿ ಸಿಕ್ಕ ಒಂದು ಶಾಸನದ ಭಾಷೆ, ಆಲ್ಪ್ಸ್ ಕಡೆಯ ರೇಟಿಕ್, ಇವೆರಡೇ ಇದರ ನೆಂಟರು. ಅವೂ ಸತ್ತ ಭಾಷೆಗಳೇ.

ಸಿಕ್ಕಿರುವ ಬರಹಗಳು ಸುಮಾರು 13,000. ಕೇಳಲು ಜಾಸ್ತಿ ಅನ್ನಿಸುತ್ತದೆ. ಆದರೆ ಬಹುಪಾಲು ಗೋರಿಗಳ ಮೇಲಿನ ಒಂದೆರಡು ಸಾಲು: ಸತ್ತವರ ಹೆಸರು, ಅಪ್ಪ ಅಮ್ಮನ ಹೆಸರು, ವಯಸ್ಸು. ಹಾಗಾಗಿ ನೆಂಟಸ್ತನದ ಮತ್ತು ಸಾವಿನ ಪದಗಳು ಚೆನ್ನಾಗಿ ಗೊತ್ತು. 'ಅವಿಲ್' ಅಂದರೆ ವರ್ಷ, 'ಲುಪು' ಅಂದರೆ ತೀರಿಕೊಂಡ. 'ಕ್ಲನ್' ಮಗ, 'ಕ್ಲೆನಾರ್' ಗಂಡುಮಕ್ಕಳು, 'ಕ್ಲೆನರಸಿ' ಗಂಡುಮಕ್ಕಳಿಗೆ. ನಮ್ಮ 'ಮಕ್ಕಳು', 'ಮಕ್ಕಳಿಗೆ' ಥರವೇ ಬಾಲಕ್ಕೆ ಬಾಲ ಅಂಟುತ್ತದೆ. ಅಮ್ಮನಿಗೆ 'ಅತಿ', ಅಪ್ಪನಿಗೆ 'ಅಪ'! ಇದನ್ನು ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು. ಆದರೆ ಇಷ್ಟಕ್ಕೇ ಸಂಬಂಧ ಕಟ್ಟಲಾಗದು. ತುಟಿಯಲ್ಲಿ ಹುಟ್ಟುವ ಇಂಥ ಶಬ್ದಗಳು ಎಲ್ಲ ಮಕ್ಕಳಿಗೂ ಸುಲಭ, ಎಷ್ಟೋ ಭಾಷೆಗಳಲ್ಲಿ ಅಪ್ಪ ಅಮ್ಮನ ಹೆಸರು ಅಲ್ಲಿಂದಲೇ ಬಂದಿದೆ.

ಪದವೊಂದರ ಅರ್ಥ ಹಿಡಿಯುವುದು ಹೇಗೆ? ಎರಡು ದಾಳಗಳಿವೆ. ಚುಕ್ಕಿ ಇರಬೇಕಾದ ಆರೂ ಮುಖಗಳಲ್ಲಿ ಪದಗಳಿವೆ: ಥು, ಜಲ್, ಕಿ, ಸ, ಮಖ್, ಹುಥ್. ಒಂದರಿಂದ ಆರು ಅನ್ನುವುದು ಗೊತ್ತು. ಯಾವುದು ಎಷ್ಟು? 1964ರಲ್ಲಿ ಇಟಲಿಯ ಪಿರ್ಗಿ ಎಂಬಲ್ಲಿ ಮೂರು ಚಿನ್ನದ ತಗಡುಗಳು ಸಿಕ್ಕವು. ಎರಡರಲ್ಲಿ ಎಟ್ರಸ್ಕನ್, ಒಂದರಲ್ಲಿ ವಿದ್ವಾಂಸರಿಗೆ ಅರ್ಥವಾಗುವ ಹಳೆಯ ಭಾಷೆ ಫಿನೀಷಿಯನ್. ಒಬ್ಬ ದೊರೆ ದೇವಿಗೆ ಕೊಟ್ಟ ಕಾಣಿಕೆಯ ಬರಹ ಅದು. ಫಿನೀಷಿಯನ್ ತಗಡಿನಲ್ಲಿ ದೊರೆಯ ಆಳ್ವಿಕೆಯ ಮೂರನೆಯ ವರ್ಷ ಅಂತಿದೆ, ಎಟ್ರಸ್ಕನ್‌ನಲ್ಲಿ 'ಕಿ ಅವಿಲ್'. ಅಲ್ಲಿಗೆ 'ಕಿ' ಮೂರು ಅನ್ನುವುದು ಗಟ್ಟಿಯಾಯಿತು. ದಾಳದಲ್ಲಿ 'ಕಿ'ಗೆ ಎದುರು ಮುಖದಲ್ಲಿರುವುದು 'ಸ'. ಎದುರು ಮುಖಗಳನ್ನು ಕೂಡಿದರೆ ಏಳು ಬರಬೇಕು ಅಂದರೆ 'ಸ' ನಾಲ್ಕು, ಒಂದು ಎಂಬ 'ಥು'ಗೆ ಎದುರಿರುವ 'ಹುಥ್' ಆರು. ಇಲ್ಲ, ತಿರುಗುಮುರುಗು ಅನ್ನುವವರೂ ಇದ್ದಾರೆ. ಒಂದು ಅಂಕಿಗೆ ಇಷ್ಟು ಪಾಡು!

ನಿಜಕ್ಕೂ ಬೇಕಾಗಿರುವುದು ಉದ್ದನೆಯ ಬರಹ. ರೋಮ್ ಚಕ್ರವರ್ತಿ ಕ್ಲಾಡಿಯಸ್ ಎಟ್ರಸ್ಕನ್ನರ ಬಗ್ಗೆ ಗ್ರೀಕಿನಲ್ಲಿ 20 ಸಂಪುಟ ಬರೆದಿದ್ದ, ಒಂದೂ ಉಳಿದಿಲ್ಲ. ಎಟ್ರಸ್ಕನ್ನರು ನಾರುಬಟ್ಟೆಯ ಮೇಲೂ ಪುಸ್ತಕ ಬರೆಯುತ್ತಿದ್ದರು. ಅಂಥದ್ದರಲ್ಲಿ ಉಳಿದದ್ದು ಒಂದೇ, ಅದೂ ಈಜಿಪ್ಟಿನಲ್ಲಿ. ಯಾರೋ ಅದನ್ನು ಪಟ್ಟಿಪಟ್ಟಿಯಾಗಿ ಹರಿದು ಒಬ್ಬ ಹೆಂಗಸಿನ ಮಮ್ಮಿಗೆ ಸುತ್ತಿದ್ದರು. ಕ್ರೊಯೇಷಿಯಾದವರೊಬ್ಬರು 1848ರಲ್ಲಿ ಆ ಮಮ್ಮಿಯನ್ನು ಕೊಂಡರು. ಪಟ್ಟಿಯ ಮೇಲಿನ ಅಕ್ಷರ ಎಟ್ರಸ್ಕನ್ ಅಂತ ಗೊತ್ತಾಗಲು 1891 ಬರಬೇಕಾಯಿತು. ಯಾವ ದಿನ ಯಾವ ದೇವರಿಗೆ ಏನು ಪೂಜೆ ಎಂಬ ಪಂಚಾಂಗ ಅದು. ಓದಲು ಬರುವ ಸುಮಾರು 1,200 ಪದಗಳಿವೆ. ಎಟ್ರಸ್ಕನ್‌ನ ಅತಿ ಉದ್ದದ ಬರಹ ಅಂದರೆ ಅದೇ. ಆ ಪಟ್ಟಿಗಳು ಈಗ ಜಾಗ್ರೆಬ್‌ನ ಮ್ಯೂಸಿಯಂನಲ್ಲಿವೆ.