ಮಳೆಯ ಲೆಕ್ಕ, ಮಾರ್ಚ್‌ನ ಲೆಕ್ಕ: ಕೊಡಗಿನ ಅಧ್ಯಾಪಕರಿಗೆ ಆಂತರಿಕ ಅನುದಾನ

ವಿಶ್ವವಿದ್ಯಾಲಯಗಳು ತಮ್ಮ ಸ್ವಂತ ನಿಧಿಯಿಂದ ಅಧ್ಯಾಪಕರಿಗೆ ಕೊಡುವ ಸಂಶೋಧನಾ ಅನುದಾನಕ್ಕೆ, ಅಂದರೆ ಸೀಡ್ ಮನಿಗೆ, ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸದಲ್ಲಿ ನಾನು ಬಹುಕಾಲದಿಂದ ತೊಡಗಿಕೊಂಡಿದ್ದೇನೆ. ಕೊಡಗಿನಿಂದ ಬರುವ ಅರ್ಜಿಗಳಲ್ಲಿ ವಿಷಯಕ್ಕೆ ಬರವಿಲ್ಲ. 2018ರ ಆಗಸ್ಟ್‌ನ ಭೂಕುಸಿತದ ನಂತರವಂತೂ ಇಳಿಜಾರಿನ ಮಣ್ಣು, ಹಳ್ಳಗಳ ಹರಿವು, ಮನೆ ಕಳೆದುಕೊಂಡ ಕುಟುಂಬಗಳ ಪುನರ್ವಸತಿ ಮುಂತಾಗಿ ಕೇಳಲೇಬೇಕಾದ ಪ್ರಶ್ನೆಗಳು ಕಣ್ಣ ಮುಂದೆಯೇ ಇವೆ. ಆದರೂ ಒಳ್ಳೆಯ ಅರ್ಜಿಗಳು ಹಿಂದೆ ಬೀಳುವುದಕ್ಕೆ ನಾನು ಹೆಚ್ಚಾಗಿ ಕಂಡಿರುವ ಕಾರಣವೆಂದರೆ ಕಾಲದ ಲೆಕ್ಕ ತಪ್ಪಿರುವುದು.

ಹಣಕಾಸು ವರ್ಷ ಏಪ್ರಿಲ್ 1ರಂದು ಆರಂಭವಾಗುತ್ತದೆ. ಪ್ರವೇಶಾತಿ, ಪರೀಕ್ಷೆ, ಮೌಲ್ಯಮಾಪನಗಳ ಗಡಿಬಿಡಿ ಮುಗಿದು ಅರ್ಜಿ ಆಹ್ವಾನದ ಸುತ್ತೋಲೆ ಹೊರಡುವಾಗ ಮಳೆಗಾಲ ಶುರುವಾಗಿರುತ್ತದೆ. ತಜ್ಞರ ಸಮಿತಿಯ ಪರಿಶೀಲನೆ, ಹಣಕಾಸು ಸಮಿತಿಯ ಒಪ್ಪಿಗೆ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಅನುಮೋದನೆ ಎಂಬ ಮೆಟ್ಟಿಲುಗಳನ್ನು ಹತ್ತಿ ಮಂಜೂರಾತಿ ಆದೇಶ ಕೈಸೇರುವಷ್ಟರಲ್ಲಿ ನವೆಂಬರ್ ಅಥವಾ ಡಿಸೆಂಬರ್ ಬಂದಿರುವುದು ಅಪರೂಪವಲ್ಲ. ಹಣ ಬಳಕೆ ಪ್ರಮಾಣಪತ್ರವನ್ನು ಮಾರ್ಚ್ 31ರ ಲೆಕ್ಕಕ್ಕೆ ಸಲ್ಲಿಸಬೇಕು. ಹೀಗೆ ಕೈಗೆ ಸಿಗುವ ನಾಲ್ಕು ತಿಂಗಳಲ್ಲಿ ಕೊಡಗಿನಲ್ಲಿ ಮುಂಗಾರು ಮುಗಿದಿರುತ್ತದೆ, ಗದ್ದೆಯ ನಾಟಿ ಮುಗಿದಿರುತ್ತದೆ, ತೋಟಗಳಲ್ಲಿ ಕಾಫಿ ಕೊಯ್ಲು ನಡೆದಿರುತ್ತದೆ. ಮಳೆಗಾಲದ ಮಣ್ಣುಕೊಚ್ಚಣೆಯನ್ನು ಅಳೆಯುತ್ತೇವೆಂದು ಬರೆದವರಿಗೆ ಆಗ ಅಳೆಯಲು ಏನೂ ಉಳಿದಿರುವುದಿಲ್ಲ. ಕಾರ್ಮಿಕರ ಸಂದರ್ಶನ ಮಾಡುತ್ತೇವೆಂದವರಿಗೆ ಬೆಳಗಿನಿಂದ ಸಂಜೆಯವರೆಗೆ ಹಣ್ಣು ಬಿಡಿಸುವವರ ಬಿಡುವು ಸಿಗುವುದಿಲ್ಲ.

ಆದ್ದರಿಂದ ಆ ನಾಲ್ಕು ತಿಂಗಳಲ್ಲಿ ಪ್ರಾಮಾಣಿಕವಾಗಿ ಮುಗಿಯುವ ಕೆಲಸ ಯಾವುದೆಂದು ಮೊದಲು ನಿರ್ಧರಿಸಿ, ಅದಕ್ಕೆ ಹೊಂದುವಂತೆ ಪ್ರಶ್ನೆಯನ್ನು ರೂಪಿಸಬೇಕೆಂಬುದು ನನ್ನ ಸಲಹೆ. ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಕೊಡಗಿನ ಅನೇಕ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆದಿಟ್ಟ ಪುಸ್ತಕಗಳಿವೆ, ಕೆಲವು ಮನೆಗಳಲ್ಲಿ ಎರಡು ಮೂರು ತಲೆಮಾರಿನ ಕೈಬರಹವಿದೆ. ಭೂಗೋಳ ಅಥವಾ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ಒಂದು ಹೋಬಳಿಯ ಹತ್ತಾರು ತೋಟಗಳ ಪುಸ್ತಕಗಳ ಚಿತ್ರ ತೆಗೆದು, ಅಂಕಿಗಳನ್ನು ಮಿಲಿಮೀಟರಿಗೆ ಪರಿವರ್ತಿಸಿ ಗಣಕಕ್ಕೆ ಏರಿಸುವ ಯೋಜನೆಯನ್ನು ಮುಂದಿಡಬಹುದು. ಇಂಚಿಗೆ 25.4 ಮಿಲಿಮೀಟರ್, ಸೆಂಟೆಂದರೆ ಇಂಚಿನ ನೂರನೆಯ ಒಂದು ಭಾಗ, ಹಾಗಾಗಿ ಲೆಕ್ಕ ಸರಳ. ಕಷ್ಟ ಇರುವುದು ಬೇರೆ ಕಡೆ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ದಾಖಲಿಸುತ್ತದೆ. ತೋಟದಲ್ಲಿ ಅಳೆದದ್ದು ಎಷ್ಟು ಹೊತ್ತಿಗೆ, ಅದನ್ನು ಬರೆದದ್ದು ಆ ದಿನದ ಹೆಸರಿನಲ್ಲೋ ಹಿಂದಿನ ದಿನದ ಹೆಸರಿನಲ್ಲೋ, ಮಾಪಕ ಯಾವ ವರ್ಷ ಬದಲಾಯಿತು, ಮರದ ಕೊಂಬೆ ಅದರ ಮೇಲೆ ಬಾಗಿತ್ತೇ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ದಾಖಲಿಸಿದಾಗ ಮಾತ್ರ ಆ ಅಂಕಿಗಳು ವಿಜ್ಞಾನಕ್ಕೆ ಒದಗುತ್ತವೆ. ಈ ವಿವರಗಳು ಅರ್ಜಿಯಲ್ಲಿದ್ದರೆ, ಬರೆದವರು ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆಂಬುದು ಪರಿಶೀಲಕರಿಗೆ ತಿಳಿಯುತ್ತದೆ. ಪ್ರಯಾಣ ವೆಚ್ಚ, ಇಬ್ಬರು ವಿದ್ಯಾರ್ಥಿಗಳ ಗೌರವಧನ, ದತ್ತಾಂಶ ಸಂಗ್ರಹಿಸಿಡುವ ಒಂದು ಹಾರ್ಡ್ ಡಿಸ್ಕ್, ಇಷ್ಟಕ್ಕೆ ದೊಡ್ಡ ಮೊತ್ತ ಬೇಡ. ಹಿರಿಯರ ಮಾತನ್ನು ಮಾತ್ರ ಕೊಯ್ಲಿನ ಹೊತ್ತು ತಪ್ಪಿಸಿ ಸಂಜೆಗೆ ಇಟ್ಟುಕೊಳ್ಳಬೇಕು.

ಸಾಮಾನ್ಯವಾಗಿ ಆಯವ್ಯಯ ಪುಟದಲ್ಲಿ ಕಾಣುವುದು ಇದಕ್ಕೆ ವಿರುದ್ಧವಾದ ಚಿತ್ರ. ಲ್ಯಾಪ್‌ಟಾಪ್, ಪ್ರಿಂಟರ್, ಕ್ಯಾಮೆರಾ ಮೊದಲು ಬರುತ್ತವೆ, ಕ್ಷೇತ್ರಕಾರ್ಯಕ್ಕೆ ಕೊನೆಯಲ್ಲಿ ಸ್ವಲ್ಪ ಉಳಿದಿರುತ್ತದೆ. ಉಪಕರಣ ಖರೀದಿಗೆ ದರಪಟ್ಟಿ ತರಿಸಬೇಕು, ಮೊತ್ತ ದೊಡ್ಡದಾದರೆ 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಅಧಿನಿಯಮದಂತೆ ಟೆಂಡರ್ ಕರೆಯಬೇಕು, ಅಷ್ಟರಲ್ಲಿ ಫೆಬ್ರುವರಿ ಕಳೆದಿರುತ್ತದೆ. ಅರಣ್ಯದೊಳಗಿನ ಅಧ್ಯಯನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳಿಗೆ ಸಂಶೋಧನೆಗಾಗಿ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಡಿ ಅನುಮತಿ ಬೇಕು. ಅನುಮತಿ ಪತ್ರ ಕೈಯಲ್ಲಿಲ್ಲದೆ ಒಂದು ವರ್ಷದ ಯೋಜನೆಗೆ ಅಲ್ಲಿನ ಸಮೀಕ್ಷೆಯನ್ನು ಸೇರಿಸಬಾರದು. ಜೇನುಕುರುಬ, ಯರವ ಬುಡಕಟ್ಟು ಸಮುದಾಯಗಳ ನಡುವೆ ಕೆಲಸ ಮಾಡುವವರು ನೈತಿಕ ಸಮಿತಿಯ ಒಪ್ಪಿಗೆಯನ್ನು ಅರ್ಜಿಗೆ ಮೊದಲೇ ಪಡೆದಿರಬೇಕು. ಹಾಡಿಯವರ, ಅಂದರೆ ಆ ವಸತಿಯ ಜನರ, ಒಪ್ಪಿಗೆ ಅದಕ್ಕಿಂತ ಮುಖ್ಯ.

ಹಣ ಯಾರ ಬಳಿಯಿದೆ ಎಂಬುದನ್ನೂ ಅರಿತಿರಬೇಕು. ಮಡಿಕೇರಿಯ ವೈದ್ಯಕೀಯ ಕಾಲೇಜಿನವರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರಿಗೆ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯ, ಪೊನ್ನಂಪೇಟೆಯದೇ ಎಂಜಿನಿಯರಿಂಗ್ ಕಾಲೇಜಿನವರಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮಾತೃಸಂಸ್ಥೆ. ಪದವಿ ಕಾಲೇಜುಗಳಿಗೆ ಚಿಕ್ಕಅಳುವಾರದಲ್ಲಿ 2023ರಲ್ಲಿ ಆರಂಭವಾದ ಕೊಡಗು ವಿಶ್ವವಿದ್ಯಾಲಯವಿದೆ. 2011ರ ಜನಗಣತಿಯಲ್ಲಿ 5,54,519 ಜನರಿದ್ದ, ರಾಜ್ಯದಲ್ಲೇ ಅತಿ ಕಡಿಮೆ ಜನಸಂಖ್ಯೆಯ ಜಿಲ್ಲೆಯಲ್ಲಿ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕದಿಂದ ದೊಡ್ಡ ನಿಧಿ ಬೆಳೆಯುವುದು ಕಷ್ಟ. ಹೊಸ ವಿಶ್ವವಿದ್ಯಾಲಯವೊಂದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಅಧಿನಿಯಮದ 12(ಬಿ) ಮಾನ್ಯತೆ ದೊರೆಯುವವರೆಗೆ ಆಯೋಗದ ಮೂಲಕ ಬರುವ ಕೇಂದ್ರದ ಅನುದಾನದ ಬಾಗಿಲೂ ತೆರೆಯುವುದಿಲ್ಲ. ಹಾಗಿದ್ದರೂ ಸಣ್ಣ ಮೊತ್ತವನ್ನಾದರೂ ಪ್ರತಿ ವರ್ಷ ತಪ್ಪದೆ ತೆಗೆದಿಡಬೇಕೆಂದು ನಾನು ಒತ್ತಾಯಿಸುತ್ತೇನೆ. ಅಧ್ಯಾಪಕರಿಗೆ ಸೀಡ್ ಮನಿ ಕೊಟ್ಟಿರುವುದನ್ನು ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಾಂಕನವೂ ಪ್ರತ್ಯೇಕವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಬೋಧನೆಗೆ ಮತ್ತು ವೃತ್ತಿ ಬೆಳವಣಿಗೆಗೆ ಸಿಗುವ ನೆರವನ್ನು ಅಧ್ಯಾಪಕರು ಕೇಳುವುದೇ ಕಡಿಮೆ. ಸಮ್ಮೇಳನಕ್ಕೆ ಹೋಗುವ ಖರ್ಚು ಮತ್ತು ವೃತ್ತಿಪರ ಸಂಘಗಳ ಸದಸ್ಯತ್ವ ಶುಲ್ಕಕ್ಕೆ ಕೊಡುವ ನೆರವೂ ನ್ಯಾಕ್ ಲೆಕ್ಕದಲ್ಲಿದೆ, ಆದ್ದರಿಂದ ಪ್ರಾಚಾರ್ಯರು ಅದನ್ನು ನಿರಾಕರಿಸಲು ಕಾರಣವಿಲ್ಲ. ನಮ್ಮ ಮಣ್ಣು, ನಮ್ಮ ಸಸ್ಯಗಳ ಮೇಲೆ ಕನ್ನಡದಲ್ಲಿ ಪ್ರಯೋಗ ಕೈಪಿಡಿ ಸಿದ್ಧಪಡಿಸಲು ಯಾರಾದರೂ ಅನುದಾನ ಕೇಳಿದರೆ ಅಂಥ ಅರ್ಜಿಯನ್ನು ನಾನು ಮನಃಪೂರ್ವಕ ಬೆಂಬಲಿಸುತ್ತೇನೆ. ಇಲ್ಲಿ ಒಂದು ಅನ್ಯಾಯವನ್ನೂ ಹೇಳಲೇಬೇಕು. ತರಗತಿಗಳ ಭಾರ ಹೊತ್ತಿರುವ ಅತಿಥಿ ಉಪನ್ಯಾಸಕರನ್ನು ಇಂಥ ಯೋಜನೆಗಳ ನಿಯಮಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಅವರಲ್ಲಿ ಪಿಎಚ್‌.ಡಿ. ಪಡೆದವರು ಅನೇಕರಿದ್ದಾರೆ. ಕಾಯಂ ಅಧ್ಯಾಪಕರೊಬ್ಬರು ಲೆಕ್ಕದ ಹೊಣೆ ಹೊತ್ತು, ಅತಿಥಿ ಉಪನ್ಯಾಸಕರು ಸಹ ಸಂಶೋಧಕರಾಗಿ ಹೆಸರು ಹಾಕಿಸಿಕೊಳ್ಳಲು ಅವಕಾಶ ಕೊಡುವ ಒಂದು ಸಾಲಿನ ತಿದ್ದುಪಡಿಯನ್ನು ಸಿಂಡಿಕೇಟ್ ಮಾಡಬಹುದು.

ಮಂಜೂರಾತಿ ತಡವಾಗಿ ಬಂದವರು ಮಾರ್ಚ್ ಕೊನೆಯ ವಾರದಲ್ಲಿ ಸಿಕ್ಕಿದ್ದನ್ನು ಖರೀದಿಸಿ ರಸೀದಿ ಹೊಂದಿಸುವ ಬದಲು, ಫೆಬ್ರುವರಿಯಲ್ಲೇ ಹಣಕಾಸು ಅಧಿಕಾರಿಗಳಿಗೆ ಪತ್ರ ಬರೆದು, ಉಳಿದ ಮೊತ್ತವನ್ನು ಮುಂದಿನ ವರ್ಷಕ್ಕೆ ಮುಂದುವರಿಸುವಂತೆ ಕೋರಬೇಕು. ಮಾದರಿ ಸಂಗ್ರಹಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ಬೇಕೆಂಬ ಕಾರಣವನ್ನು ಮೂಲ ಅರ್ಜಿಯಲ್ಲೇ ಬರೆದಿದ್ದರೆ ಆ ಕೋರಿಕೆಗೆ ಬಲ ಬರುತ್ತದೆ. ಮೊದಲ ವರ್ಷದ ದತ್ತಾಂಶವನ್ನು ಕೋಷ್ಟಕವಾಗಿ ಅಚ್ಚುಕಟ್ಟಾಗಿ ಇಟ್ಟುಕೊಂಡವರು ಅದನ್ನೇ ಪ್ರಾಥಮಿಕ ಫಲಿತಾಂಶವೆಂದು ತೋರಿಸಿ, 2023ರ ಅಧಿನಿಯಮದಿಂದ ರೂಪುಗೊಂಡ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೋ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ದೂರದೃಷ್ಟಿ ಸಮೂಹಕ್ಕೋ ದೊಡ್ಡ ಅರ್ಜಿ ಹಾಕಬಹುದು. ಆ ಅರ್ಜಿಯ ಕರಡನ್ನು ಏಪ್ರಿಲ್‌–ಮೇ ರಜೆಯಲ್ಲೇ ಬರೆದು ಮುಗಿಸಿಕೊಂಡರೆ ಜೂನ್‌ನ ಮೊದಲ ಮಳೆಗೆ ಕ್ಷೇತ್ರಕ್ಕೆ ಹೋಗಲು ಕೈ ಬಿಡುವಾಗಿರುತ್ತದೆ.