ಪತ್ರಾದ ಮೇಲೆ ನಡೆಯುವವರು ಯಾರು?

ಶರಣಬಸವೇಶ್ವರ ಜಾತ್ರೆ ಮುಗಿದ ವಾರ, ಬೀದರಿನಿಂದ ವರ್ಗವಾಗಿ ಬಂದ ಶಿಕ್ಷಕಿಯೊಬ್ಬರು ತಮ್ಮ ತಾಯಿಯೊಂದಿಗೆ ಕಲಬುರಗಿಯ ನಮ್ಮ ಮನೆಯ ಮೇಲಂತಸ್ತಿಗೆ ಬಾಡಿಗೆಗೆ ಬಂದರು. ಎಂಟು ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ಕೆಳಗಿಳಿದು ಬಂದು, "ಕಾಕಾ, ದಿನಾ ರಾತ್ರಿ ಮ್ಯಾಲ ಯಾರೋ ಅಡ್ಡಾಡಿದಂಗ ಆಗ್ತದ್ರಿ. ನಮ್ಮವ್ವಗ ನಿದ್ದಿನೇ ಹತ್ತವಲ್ದು" ಎಂದರು. ಏನೂ ಇಲ್ಲ, ಗಾಳಿ ಇರಬೇಕು ಎಂದು ಹೇಳಿ ಕಳಿಸುವುದು ಸುಲಭವಾಗಿತ್ತು. ಆದರೆ ಸದ್ದು ಕೇಳಿಸಿದ್ದು ನಿಜವಾಗಿರುವಾಗ ಏನೂ ಇಲ್ಲವೆಂಬ ಮಾತು ಯಾರ ಹೆದರಿಕೆಯನ್ನೂ ಕಳೆಯುವುದಿಲ್ಲ. ಮನೆಯ ಮಾಲೀಕ ಏನನ್ನೋ ಮುಚ್ಚಿಡುತ್ತಿದ್ದಾನೆಂಬ ಅನುಮಾನವೊಂದು ಅದಕ್ಕೆ ಸೇರಿಕೊಳ್ಳುತ್ತದೆ, ಅಷ್ಟೆ. ಹಾಗಾಗಿ ಯಾರು ನಡೆದರೆಂಬ ಪ್ರಶ್ನೆಯನ್ನು ಬದಿಗಿಟ್ಟು, ಎಷ್ಟು ಗಂಟೆಗೆ ನಡೆದರೆಂದು ಕೇಳಿದೆ. ಸದ್ದು ಕೇಳಿದಾಗಲೆಲ್ಲ ಗಡಿಯಾರ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯೊಳಗೆ ಬರೆದಿಡಲು ಅವರ ತಾಯಿಗೆ ವಿನಂತಿಸಿದೆ.

ಒಂದು ವಾರದ ಬರಹದಲ್ಲಿ ಮೂರು ಬಗೆಯ ಸದ್ದುಗಳು ಬೇರೆಬೇರೆಯಾಗಿ ಕಂಡವು. ಸಂಜೆ ಏಳರಿಂದ ಎಂಟೂವರೆಯವರೆಗೆ ಹೆಜ್ಜೆ ಇಟ್ಟಂತೆ ಟಕ್ ಟಕ್. ಹತ್ತು ಗಂಟೆಯ ನಂತರ ಅಪರೂಪಕ್ಕೆ ಒಂದೆರಡು ದೊಡ್ಡ ಸದ್ದು. ಬೆಳಗಿನ ನಾಲ್ಕರ ಸುಮಾರಿಗೆ ಗೋಲಿ ಪುಟಿದು ಉರುಳಿದಂಥ ಸದ್ದು, ಅದೂ ದಿನವೂ ಅಲ್ಲ. ಹೀಗೆ ಕಟ್ಟುನಿಟ್ಟಾಗಿ ಸಮಯ ಪಾಲಿಸುವ ಸದ್ದಿನ ಹಿಂದೆ ಸಾಮಾನ್ಯವಾಗಿ ಇರುವುದು ಸೂರ್ಯ, ಇಲ್ಲವೇ ನೀರು ಬಿಡುವವರು.

ನಮ್ಮ ಮೇಲಂತಸ್ತಿನಲ್ಲಿ ಎರಡು ಕೋಣೆಗಳಿಗೆ ಗರ್ಡರಿನ, ಅಂದರೆ ಕಬ್ಬಿಣದ ತೊಲೆಗಳ, ಮೇಲೆ ಶಹಾಬಾದಿನ ಫರಸಿ ಕಲ್ಲು ಹೊದಿಸಿದ ಮಾಳಿಗೆಯಿದೆ, ಮುಂದಿನ ಅಡುಗೆಮನೆಗೆ ಪತ್ರಾ, ಅಂದರೆ ತಗಡಿನ ಸೂರು, ಇದೆ. ಕಬ್ಬಿಣದ ತಗಡು 1 ಮೀಟರ್ ಉದ್ದಕ್ಕೆ, ಪ್ರತಿ 1 ಡಿಗ್ರಿ ಸೆಲ್ಸಿಯಸ್ ಏರಿಕೆಗೆ, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 12 ಪಾಲಿನಷ್ಟು ಹಿಗ್ಗುತ್ತದೆ. ಇದು ಲೆಕ್ಕಕ್ಕೇ ಬಾರದಷ್ಟು ಅಲ್ಪವೆಂದು ತೋರಬಹುದು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ 60 ಡಿಗ್ರಿ ಮುಟ್ಟುವ ತಗಡು ರಾತ್ರಿ 25ಕ್ಕೆ ಇಳಿಯುತ್ತದೆಂದು ಹಿಡಿದರೆ, 15 ಅಡಿಯ ಹಾಳೆಯೊಂದು ಸುಮಾರು 2 ಮಿಲಿಮೀಟರ್ ಕುಗ್ಗಬೇಕು. ಈ ಕುಗ್ಗುವಿಕೆ ನುಣ್ಣಗೆ ಜಾರುತ್ತ ನಡೆದರೆ ಸದ್ದೇ ಇರುತ್ತಿರಲಿಲ್ಲ. ಹುಕ್ಕು, ಬೋಲ್ಟುಗಳು ತಗಡನ್ನು ಕೆಳಗಿನ ಪೈಪಿಗೆ ಬಿಗಿಯಾಗಿ ಒತ್ತಿ ಹಿಡಿದಿರುವುದರಿಂದ, ಘರ್ಷಣೆಯು ಅದನ್ನು ತಡೆದು ನಿಲ್ಲಿಸುತ್ತದೆ. ಎಳೆತ ಬೆಳೆಯುತ್ತ ಹೋಗಿ ಘರ್ಷಣೆಯನ್ನು ಮೀರಿದ ಕ್ಷಣದಲ್ಲಿ ತಗಡು ಕೂದಲೆಳೆಯಷ್ಟು ಜಿಗಿದು ಮತ್ತೆ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟುವುದೂ ಇದೇ ರೀತಿ ನಿಂತು ಜಾರಿ, ನಿಂತು ಜಾರಿ. ತಗಡಿನ ಒಂದೊಂದು ಜಿಗಿತವೂ ಒಂದೊಂದು ಟಕ್, ಮತ್ತು ಅಗಲವಾದ ಹಾಳೆಯು ಹಲಗೆಯ ಚರ್ಮದಂತೆ ಕಂಪಿಸಿ ಆ ಸದ್ದನ್ನು ಜೋರು ಮಾಡುತ್ತದೆ.

ಇದು ಹೆಜ್ಜೆಯಂತೆಯೇ ಏಕೆ ಕೇಳಿಸಬೇಕು ಎಂಬುದು ನನಗೆ ಬಹಳ ಇಷ್ಟವಾದ ಭಾಗ. ತಗಡು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಣಿಯುತ್ತಿರುವಾಗ ಜಿಗಿತಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಸಮವಾಗಿರುತ್ತದೆ. ಒಂದು ಹುಕ್ಕಿನ ಬಳಿ ಬಿಗಿತ ಸಡಿಲಿದರೆ ಭಾರ ಪಕ್ಕದ ಹುಕ್ಕಿಗೆ ಹೋಗುವುದರಿಂದ, ಸದ್ದು ಅಂಚಿನಿಂದ ಒಳಕ್ಕೆ ಸಾಗಿದಂತೆಯೂ ಭಾಸವಾಗಬಹುದು. ವಸ್ತುವಿನ ಬಿಸಿ ಸುತ್ತಲಿನ ಗಾಳಿಗೆ ಸಮೀಪಿಸಿದಷ್ಟೂ ಅದು ತಣಿಯುವ ವೇಗ ತಗ್ಗುತ್ತದೆಂದು ನ್ಯೂಟನ್ ಹೇಳಿದ ನಿಯಮಕ್ಕೆ ಸರಿಯಾಗಿ, ಮೊದಲು ಚುರುಕಾಗಿದ್ದ ಹೆಜ್ಜೆಗಳು ಬರಬರುತ್ತ ದಣಿದವರ ಹೆಜ್ಜೆಯಂತೆ ನಿಧಾನವಾಗಿ, ಕೊನೆಗೆ ನಿಂತುಬಿಡುತ್ತವೆ.

ಬಾಯಿಮಾತಿನ ವಿವರಣೆ ತಾಯಿಯವರಿಗೆ ಒಪ್ಪಿಗೆಯಾಗಲಿಲ್ಲ. ಆಗಬೇಕಾದ ಕಾರಣವೂ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಅವರನ್ನು ಅಡುಗೆಮನೆಯಲ್ಲಿ ಕೂರಿಸಿ, ಪಕ್ಕದ ಮಾಳಿಗೆಯ ಮೇಲೆ ನಿಂತು ಕಾದ ಪತ್ರಾದ ಮೇಲೆ ಎರಡು ಬಕೆಟ್ ನೀರು ಸುರಿದೆ. ಸಂಜೆ ಒಂದೂವರೆ ತಾಸು ಹಿಡಿಯುವ ತಣಿವು ಒಂದೆರಡು ನಿಮಿಷದಲ್ಲೇ ಮುಗಿಯಿತು. ನಾನು ಇಳಿದು ಬರುವಷ್ಟರಲ್ಲಿ ಅವರು ನಗುತ್ತಿದ್ದರು: "ಯಪ್ಪಾ, ಹಗಲಿನ್ಯಾಗ ಓಡ್ಯಾಡಿಬಿಟ್ಟಿತು ನೋಡ್ರಿ!"

ಹತ್ತು ಗಂಟೆಯ ನಂತರದ ದೊಡ್ಡ ಸದ್ದು ಮಾಳಿಗೆಯದು. ತೆಳುವಾದ ತಗಡು ಸೂರ್ಯ ಮುಳುಗಿದ ಬೆನ್ನಿಗೇ ತಣಿದರೆ, ಕಲ್ಲು ಗಾರೆಗಳ ದಪ್ಪ ಮಾಳಿಗೆ ಬಿಸಿಲನ್ನು ಉಳಿತಾಯ ಮಾಡಿಟ್ಟುಕೊಳ್ಳುತ್ತದೆ. 6 ಅಂಗುಲ ದಪ್ಪದಲ್ಲಿ ಮೇಲಿನ ಕಾವು ಕೆಳಮುಖಕ್ಕೆ ತಲುಪಲು ಸುಮಾರು 4 ಗಂಟೆ ಬೇಕು. ದಪ್ಪ ಇಮ್ಮಡಿಯಾದರೆ ಹೊತ್ತೂ ಇಮ್ಮಡಿ. ಆದ್ದರಿಂದಲೇ ಈ ಕಡೆಯ ಮನೆಗಳಲ್ಲಿ ಹೊರಗೆ ತಂಪಾದ ಮೇಲೂ ಒಳಗೆ ಕುದಿಯುತ್ತದೆ. ಶಹಾಬಾದಿ ಫರಸಿ ಸುಣ್ಣಕಲ್ಲು. ಅದು ಕಬ್ಬಿಣದ ಗರ್ಡರಿಗಿಂತ ಕಡಿಮೆ ಹಿಗ್ಗಿ ಕಡಿಮೆ ಕುಗ್ಗುತ್ತದೆ. ಎರಡರ ಲೆಕ್ಕ ಹೊಂದದೆ ಒಳಗೊಳಗೇ ಬೆಳೆದ ಬಿಗಿತ, ರಾತ್ರಿ ತಡವಾಗಿ, ಒಂದೇ ಸಲಕ್ಕೆ ಸಡಿಲುತ್ತದೆ.

ಗೋಲಿಯ ಸದ್ದು ನೀರಿನದು. ಕ್ಯಾಲೆಂಡರಿನ ತಾರೀಖುಗಳು ನಳಕ್ಕೆ ನೀರು ಬಿಟ್ಟ ದಿನಗಳೊಂದಿಗೆ ತಾಳೆಯಾದವು. ಸಂಪಿನಲ್ಲಿನ ಬಾಲ್ ವಾಲ್ವ್ ಅಲೆಗಳ ಮೇಲೆ ಏರಿಳಿಯುತ್ತ ಹರಿವನ್ನು ಪದೇಪದೇ ತಡೆದಾಗ, ಓಡುತ್ತಿದ್ದ ನೀರು ತನ್ನ ವೇಗವನ್ನೆಲ್ಲ ಒತ್ತಡವಾಗಿ ಪೈಪಿನ ಗೋಡೆಗೆ ಕೊಡುತ್ತದೆ. ಮಾಸ್ಕೋದ ನೀರು ಸರಬರಾಜಿನ ಪೈಪುಗಳು ಒಡೆಯುವ ಕಾರಣ ಹುಡುಕುತ್ತಿದ್ದ ರಷ್ಯಾದ ವಿಜ್ಞಾನಿ ಜುಕೋವ್‌ಸ್ಕಿ 1898ರಲ್ಲಿ ಇದರ ಸೂತ್ರವನ್ನು ಪ್ರಕಟಿಸಿದರು. ಅದರ ಪ್ರಕಾರ, ಸೆಕೆಂಡಿಗೆ 1 ಮೀಟರ್ ವೇಗದ ನೀರನ್ನು ಗಟ್ಟಿಯಾದ ಪೈಪಿನಲ್ಲಿ ತಟ್ಟನೆ ನಿಲ್ಲಿಸಿದರೆ ಒತ್ತಡವು ವಾಯುಮಂಡಲದ ಒತ್ತಡದ ಹತ್ತು ಪಟ್ಟಿಗೂ ತುಸು ಹೆಚ್ಚು ಜಿಗಿಯುತ್ತದೆ. ಬಾಗುವ ಗುಣವುಳ್ಳ ಪ್ಲಾಸ್ಟಿಕ್ ಪೈಪಿನಲ್ಲಿ ಅಷ್ಟಿಲ್ಲ. ಈ ಒತ್ತಡದ ಅಲೆ ಪೈಪಿನುದ್ದಕ್ಕೂ ಹೋಗಿ ಬಂದು, ಪ್ರತಿ ಸಲವೂ ಕ್ಷೀಣಿಸುತ್ತ, ಗೋಡೆಗೆ ಸರಿಯಾಗಿ ಬಿಗಿಯದ ಪೈಪನ್ನು ಬಡಿಸುತ್ತದೆ. ಪೈಪಿಗೆ ಎರಡು ಕ್ಲಾಂಪು ಹಾಕಿಸಿದೆ. ಸದ್ದು ಪೂರ್ತಿ ಹೋಗಲಿಲ್ಲ, ಮುಕ್ಕಾಲು ಹೋಯಿತು.

ತಗಡು ಬೆಳಿಗ್ಗೆ ಹಿಗ್ಗುವಾಗಲೂ ಟಕ್ ಎನ್ನುತ್ತದೆ, ಆದರೆ ಕುಕ್ಕರಿನ ಸೀಟಿ ಮತ್ತು ಆಟೋಗಳ ನಡುವೆ ಯಾರ ಕಿವಿಗೂ ಬೀಳುವುದಿಲ್ಲ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಹಾಕಿವೆ. ಈ 10 ಡೆಸಿಬೆಲ್ ಅಂತರವೆಂದರೆ ಶಬ್ದದ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿದಂತೆ. ಜಾತ್ರೆಯ ಹೊತ್ತಿನ ದಿನಗಳಲ್ಲಿ ಹಗಲು ಸುಡುತ್ತದೆ, ರಾತ್ರಿ ತಣಿಯುತ್ತದೆ, ಕೂಲರ್ ಇನ್ನೂ ಅಟ್ಟದಿಂದ ಇಳಿದಿರುವುದಿಲ್ಲ. ಸದ್ದು ಹೆಚ್ಚು, ಅದನ್ನು ಮುಚ್ಚುವ ಸದ್ದು ಕಡಿಮೆ. ಇದರ ಮೇಲೆ ಹೊಸ ಮನೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಪರಸ್ಥಳದಲ್ಲಿ ಮಲಗಿದ ಮೊದಲ ರಾತ್ರಿ ಮೆದುಳಿನ ಎಡ ಅರ್ಧವು ಬಲ ಅರ್ಧದಷ್ಟು ಗಾಢವಾಗಿ ಮಲಗುವುದಿಲ್ಲ, ಅಪರಿಚಿತ ಸದ್ದಿಗೆ ಬೇಗ ಸ್ಪಂದಿಸುತ್ತದೆ. ತಾಯಿಯವರ ನಿದ್ದೆ ಕೆಟ್ಟಿದ್ದರಲ್ಲಿ ಅಂಜುಬುರುಕತನವೇನೂ ಇರಲಿಲ್ಲ. ಅವರ ಮೆದುಳು ಕಾವಲಿಗಿತ್ತು.

ಆದರೆ ಅವರ ಹೆದರಿಕೆಯ ಬೇರು ದೆವ್ವವಾಗಿರಲಿಲ್ಲ ಎಂಬುದು ನಂತರ ತಿಳಿಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿ ಸಾವಿರಾರು ಜನ ಸತ್ತಾಗ, ಅವರು ಬೀದರ ಜಿಲ್ಲೆಯ ತಮ್ಮೂರಿನಲ್ಲಿ ಮಗುವನ್ನೆತ್ತಿಕೊಂಡು ಅಂಗಳಕ್ಕೆ ಓಡಿದವರು. ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲೂ 2021ರ ಅಕ್ಟೋಬರಿನಲ್ಲಿ ಭೂಮಿಯೊಳಗಿಂದ ಸದ್ದು ಬಂದು, ಸಣ್ಣ ಕಂಪನಗಳಾಗಿ, ಜನ ಬಯಲಿನಲ್ಲಿ ರಾತ್ರಿ ಕಳೆದಿದ್ದರು. ನೆಲದಲ್ಲಿ ಹೆಚ್ಚು ಆಳವಿಲ್ಲದೆ ಹುಟ್ಟುವ ಕಂಪನದ ಮೊದಲ ಅಲೆಗಳು ನೆಲದಿಂದ ಗಾಳಿಗೆ ದಾಟಿ ಗುಡುಗಿನಂತೆ ಕೇಳಿಸುವುದು ನಿಜ. ಇಂಥ ಸದ್ದಿಗೆ ಗಡಿಯಾರವಿಲ್ಲ. ಅದು ಒಬ್ಬರ ಮಾಳಿಗೆಗೆ ಸೀಮಿತವೂ ಅಲ್ಲ. ಪಾತ್ರೆಗಳು ನಡುಗುತ್ತವೆ, ತೂಗುಹಾಕಿದ್ದು ಅಲುಗುತ್ತದೆ, ಓಣಿಗೆ ಓಣಿಯೇ ಎಚ್ಚರಾಗುತ್ತದೆ. ಹಾಗಾದಾಗ ಈ ಲೇಖನ ಮರೆತು ಹೊರಗೆ ಬರಬೇಕು.

ಅವರು ತೋರಿಸಿದ ಇನ್ನೊಂದು ಗುರುತು ಬಾಗಿಲ ಮೂಲೆಯ ಓರೆ ಬಿರುಕು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಮ್ಮ ಎರೆಮಣ್ಣಿನಲ್ಲಿರುವ ಜೇಡಿಯು ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೊಲದಲ್ಲಿ ಕೈ ತೂರುವಷ್ಟು ನೆಲ ಬಾಯಿಬಿಡುವ ದಿನಗಳಲ್ಲಿ ಪಾಯವೂ ಸ್ವಲ್ಪ ಸರಿಯುತ್ತದೆ, ಬಾಗಿಲು ಬಿಗಿಯಾಗುತ್ತದೆ, ಗೋಡೆ ಚಿಟ್ಟೆನ್ನುತ್ತದೆ. ಬಿರುಕಿನ ಎರಡೂ ತುದಿಗಳ ತುಸು ಆಚೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆದೆವು. ಗೆರೆ ದಾಟಿ ಬೆಳೆದರೆ ಅಥವಾ ಗರ್ಡರಿನ ತುಕ್ಕಿನ ಹಕ್ಕಳೆಯೊಂದಿಗೆ ಗಾರೆ ಉದುರಿದರೆ ಮರುದಿನವೇ ಇಂಜಿನಿಯರನ್ನು ಕರೆಸುವುದೆಂದು ಮಾತಾಯಿತು. ಮೇ ಕೊನೆಗೆ ಬಿರುಕು ಕೆಳಗಿನ ಗೆರೆಯ ಹತ್ತಿರಕ್ಕೆ ಬಂದು ನಿಂತಿತು. ಶ್ರಾವಣದ ಮಳೆ ಹಿಡಿದ ಮೇಲೆ ನೋಡಿದರೆ, ಉಗುರು ತೂರುತ್ತಿದ್ದ ಕಡೆ ಕಾಗದವೂ ತೂರುತ್ತಿರಲಿಲ್ಲ, ಬಾಗಿಲು ಒಂದೇ ಕೈಯಲ್ಲಿ ಮುಚ್ಚುತ್ತಿತ್ತು.