ಲೀಜನ್ ಸಿನಿಮಾಗಳಿಗೆ ಮರಳು ಎಲ್ಲಿಂದ ಬಂತು?

ತಲೆಗೆ ಬಿಳಿ ಟೋಪಿ, ಕುತ್ತಿಗೆ ಹಿಂದೆ ಇಳಿಬಿಟ್ಟ ಬಟ್ಟೆ, ಸುತ್ತ ಮರಳು, ನಡುವೆ ಒಂದು ಒಂಟಿ ಕೋಟೆ. ವಿದೇಶಿಯರನ್ನು ಸೇರಿಸಿ ಫ್ರಾನ್ಸ್ ಕಟ್ಟಿದ ಪಡೆ ಫ್ರೆಂಚ್ ಫಾರಿನ್ ಲೀಜನ್ ಅಂದ ಕೂಡಲೇ ಕಣ್ಣಿಗೆ ಬರುವುದು ಇದೇ ಅಲ್ವಾ? 1977ರ ‘ಮಾರ್ಚ್ ಆರ್ ಡೈ’ ಸಿನಿಮಾದಲ್ಲೂ ಇದೇ ಇದೆ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿದೆ. ಜೀನ್ ಹ್ಯಾಕ್‌ಮನ್ ಲೀಜನ್ನಿನ ಮೇಜರ್. ಮೊರಾಕ್ಕೊದ ಎರ್ಫೂದ್ ಬಳಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗಾಗಿ ನೆಲ ಅಗೆಯುತ್ತಿರುವವರಿಗೆ ಕಾವಲು ನಿಲ್ಲುವುದು ಅವನ ಪಡೆಯ ಕೆಲಸ. ಎದುರಿಗೆ ಬುಡಕಟ್ಟುಗಳನ್ನು ಒಗ್ಗೂಡಿಸುತ್ತಿರುವ ನಾಯಕ ಎಲ್ ಕ್ರಿಮ್. ನಮ್ಮ ನೆಲದಲ್ಲಿ ಹೂತಿದ್ದು ನಮ್ಮದು ಅನ್ನುವುದು ಅವನ ಮಾತು.

ಇದರಲ್ಲಿ ನಿಜ ಎಷ್ಟು, ಸಿನಿಮಾ ಎಷ್ಟು? ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫ್ರಾನ್ಸ್ 1830ರಲ್ಲಿ ಉತ್ತರ ಆಫ್ರಿಕಾದ ಅಲ್ಜೀರಿಯಾದ ಅಲ್ಜೀರ್ಸ್ ನಗರ ಹಿಡಿಯಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಕ್ರಾಂತಿ ಆಗಿ ಹೊಸ ರಾಜ ಬಂದ. ಊರಿನ ತುಂಬ ಕೆಲಸವಿಲ್ಲದ ವಿದೇಶಿ ಸೈನಿಕರು, ಬೇರೆ ದೇಶಗಳಿಂದ ಓಡಿಬಂದವರು. ಇವರನ್ನು ಏನು ಮಾಡುವುದು? 1831ರ ಮಾರ್ಚ್‌ನಲ್ಲಿ ರಾಜ ಲೂಯಿ ಫಿಲಿಪ್ ಅವರಿಗಾಗಿಯೇ ಒಂದು ಪಡೆ ಕಟ್ಟಿದ. ಷರತ್ತು ಒಂದೇ: ಫ್ರಾನ್ಸಿನ ಹೊರಗೆ ಹೋಗಿ ಹೋರಾಡಬೇಕು. ಅಲ್ಜೀರಿಯಾ ಕಾಯುತ್ತಿತ್ತು. ಅಲ್ಲಿನ ಸಿದಿ ಬೆಲ್ ಅಬ್ಬೆಸ್ ಊರು ಲೀಜನ್ನಿಗೆ ಮನೆಯೇ ಆಯಿತು. ಬೇರೆ ಹೆಸರು ಹೇಳಿಯೂ ಸೇರಬಹುದಿತ್ತು, ಹಳೆಯದನ್ನು ಜಾಸ್ತಿ ಕೆದಕುತ್ತಿರಲಿಲ್ಲ. ಕತೆ ಹೊಸೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಆ ಕತೆ ಸಿಕ್ಕಿದ್ದು 1924ರಲ್ಲಿ. ಪಿ. ಸಿ. ರೆನ್ ಬರೆದ ‘ಬೋ ಜೆಸ್ಟ್’ ಅನ್ನುವ ಇಂಗ್ಲಿಷ್ ಕಾದಂಬರಿ. ರತ್ನ ಕದ್ದ ಅಪವಾದ ಹೊತ್ತು ಲೀಜನ್ ಸೇರುವ ಅಣ್ಣತಮ್ಮಂದಿರು, ಕ್ರೂರಿ ಸಾರ್ಜೆಂಟ್, ಮುತ್ತಿಗೆಯಲ್ಲಿ ಸಿಕ್ಕಿಕೊಂಡ ಕೋಟೆ. ಸತ್ತ ಸೈನಿಕರನ್ನು ಗೋಡೆಗೆ ಒರಗಿಸಿ, ಕೈಗೆ ಬಂದೂಕು ಕೊಟ್ಟು, ಬದುಕಿದ್ದಾರೆ ಅನ್ನುವ ಹಾಗೆ ನಿಲ್ಲಿಸುವ ಆ ದೃಶ್ಯ ಒಮ್ಮೆ ನೋಡಿದರೆ ಮರೆಯುವುದಿಲ್ಲ. 1926ರಲ್ಲಿ ಮೂಕಿ ಚಿತ್ರ ಬಂತು. 1939ರಲ್ಲಿ ಗ್ಯಾರಿ ಕೂಪರ್ ಮಾತಾಡುವ ಚಿತ್ರ. ಎರಡಕ್ಕೂ ಸಹಾರಾ ಆಗಿದ್ದು ಅಮೆರಿಕದ ಯೂಮಾ ಊರಿನ ಹತ್ತಿರದ ಮರಳು ದಿಬ್ಬಗಳು. ನಮ್ಮ ಕಣ್ಣಲ್ಲಿ ಕೂತಿರುವ ಮರಳುಗಾಡು ಹಾಲಿವುಡ್ಡಿಗೆ ಒಂದು ದಿನದ ದಾರಿಯಲ್ಲಿತ್ತು!

ನಿಜವಾದ ಸಹಾರಾದಲ್ಲಿ ಒಂಟೆ ಮೇಲೆ ಕೂತು ಫ್ರಾನ್ಸಿನ ಪರ ಕಾದಾಡಿದವರು ಹೆಚ್ಚಾಗಿ ಅಲ್ಲಿನವರೇ. 1902ರಲ್ಲಿ ಶುರುವಾದ ಸಹಾರಾ ಪಡೆಗಳಲ್ಲಿ ಶಾಂಬಾ ಅನ್ನುವ ಅರಬ್ ಬುಡಕಟ್ಟಿನವರೇ ಜಾಸ್ತಿ. ಸಿನಿಮಾಗಳಲ್ಲಿ ಇವರು ನಾಯಕರಾಗಲಿಲ್ಲ. ಲೀಜನ್ನಿನವರ ಪಾಲಿಗೆ ಬಂದಿದ್ದು ಹೇಸರಗತ್ತೆ. ಇಬ್ಬರಿಗೆ ಒಂದು. ಒಬ್ಬ ಹತ್ತಿ ಕೂತರೆ ಇನ್ನೊಬ್ಬ ನಡೆಯಬೇಕು. ಸ್ವಲ್ಪ ದೂರ ಆದ ಮೇಲೆ ಅದಲುಬದಲು. ಹೀಗೆ ಕಾಲಾಳುಗಳಿಗೆ ಆಗದಷ್ಟು ದೂರ ಹೋಗಿಬಿಡುತ್ತಿದ್ದರು. ಪೋಸ್ಟರ್‌ಗೆ ಹಾಕುವ ಚಿತ್ರ ಇದಲ್ಲ ಬಿಡಿ. ಬಿಳಿ ಟೋಪಿಯ ಕತೆಯೂ ಅಷ್ಟೇ: ಮೊದಲು ಅದು ಟೋಪಿ ಮೇಲೆ ಹಾಕುವ ಖಾಕಿ ಹೊದಿಕೆ. ಒಗೆದು ಒಗೆದು, ಬಿಸಿಲಿಗೆ ಬಣ್ಣ ಹೋಗಿ ಬಿಳಿಯಾಯಿತು. ಹಿಂದೆ ಇಳಿಬೀಳುವ ಬಟ್ಟೆಗೆ ಇಂಗ್ಲಿಷಿನಲ್ಲಿ ಹ್ಯಾವ್‌ಲಾಕ್ ಅನ್ನುತ್ತಾರೆ. 1857ರಲ್ಲಿ ಲಖನೌಗೆ ದಂಡೆತ್ತಿ ಬಂದ ಬ್ರಿಟಿಷ್ ಜನರಲ್‌ನ ಹೆಸರು ಅದು.

ಈಗ ಎಲ್ ಕ್ರಿಮ್. ಹೆಸರು ಕೇಳಿದರೇ ಗೊತ್ತಾಗುತ್ತದೆ, ಮೊರಾಕ್ಕೊದಲ್ಲಿ ಸ್ಪೇನ್, ಫ್ರಾನ್ಸ್ ಎರಡರ ವಿರುದ್ಧವೂ ಹೋರಾಡಿದ ನಾಯಕ ಅಬ್ದ್ ಎಲ್ ಕ್ರಿಮ್‌ನ ನೆರಳು ಇವನ ಮೇಲಿದೆ. ನಿಜವಾದ ಅಬ್ದ್ ಎಲ್ ಕ್ರಿಮ್ ಕುದುರೆ ಮೇಲೆ ಕೂಗುತ್ತ ಬರುವ ದಾಳಿಕೋರನಲ್ಲ. ಸ್ಪೇನಿನ ಕೈಯಲ್ಲಿದ್ದ ಮೆಲಿಯಾ ಊರಿನಲ್ಲಿ ಮೇಷ್ಟ್ರಾಗಿದ್ದ, ಪತ್ರಿಕೆಗೆ ಬರೆಯುತ್ತಿದ್ದ, ನ್ಯಾಯಾಧೀಶನೂ ಆದ. 1921ರ ಜುಲೈನಲ್ಲಿ ಅನ್ವಾಲ್‌ನಲ್ಲಿ ಸ್ಪೇನಿನ ಸೈನ್ಯವನ್ನು ನುಚ್ಚುನೂರು ಮಾಡಿದ, ಸತ್ತವರು ಸಾವಿರಾರು. ಆಮೇಲೆ ತನ್ನದೇ ಗಣರಾಜ್ಯ ಕಟ್ಟಿದ. 1925ರಲ್ಲಿ ಫ್ರಾನ್ಸ್ ಕೂಡ ಯುದ್ಧಕ್ಕಿಳಿಯಿತು, ಲೀಜನ್ ಬಂತು. ಎರಡು ದೇಶಗಳ ಸೈನ್ಯ, ವಿಮಾನ, ಸ್ಪೇನ್ ಸುರಿದ ವಿಷಾನಿಲ ಎಲ್ಲ ಸೇರಿ 1926ರ ಮೇನಲ್ಲಿ ಅವನು ಶರಣಾದ.

ಇಷ್ಟೆಲ್ಲ ನಡೆದದ್ದು ರಿಫ್‌ನಲ್ಲಿ. ರಿಫ್ ಮೊರಾಕ್ಕೊದ ಉತ್ತರಕ್ಕೆ, ಸಮುದ್ರದ ಪಕ್ಕ. ಬೆಟ್ಟ, ಕಣಿವೆ, ಕಾಡು. ಮರಳು ದಿಬ್ಬಗಳಿರುವ ಎರ್ಫೂದ್ ಅಟ್ಲಾಸ್ ಬೆಟ್ಟಗಳ ಆಚೆ, ದಕ್ಷಿಣಕ್ಕೆ. ಸಿನಿಮಾದವರು ಆ ನೆರಳನ್ನು ಎತ್ತಿ ತಂದು ಮರಳಿನಲ್ಲಿ ನಿಲ್ಲಿಸಿದರು. ನನಗೆ ಈ ಚಿತ್ರದ ಮೇಲೆ ಇರುವ ದೊಡ್ಡ ತಕರಾರು ಇದೇ. ಎದುರಾಳಿಗೆ ಮುಖ ಕೊಟ್ಟರು, ಮಾತು ಕೊಟ್ಟರು, ಅವನ ಊರನ್ನು ಮಾತ್ರ ಕೊಡಲಿಲ್ಲ. ಆದರೂ ಅದಕ್ಕೆ ಮುಂಚಿನ ಚಿತ್ರಗಳಿಗಿಂತ ವಾಸಿ. ಅಲ್ಲಿ ಅರಬ್ಬರು ಅಂದರೆ ಸುಮ್ನೆ ದೂಳೆಬ್ಬಿಸಿಕೊಂಡು ಬಂದು ಗುಂಡು ತಿಂದು ಬೀಳುವವರು.

ನಡುವೆ ಏನಾಯಿತು ಅಂದರೆ, ಸಾಮ್ರಾಜ್ಯವೇ ಹೋಯಿತು. 1961ರಲ್ಲಿ ಅಲ್ಜೀರ್ಸ್‌ನಲ್ಲಿ ಫ್ರೆಂಚ್ ಜನರಲ್‌ಗಳು ತಮ್ಮದೇ ಸರ್ಕಾರದ ವಿರುದ್ಧ ದಂಗೆ ಎದ್ದಾಗ ಲೀಜನ್ನಿನ ಒಂದು ಪ್ಯಾರಾಚೂಟ್ ರೆಜಿಮೆಂಟ್ ಅವರ ಜೊತೆ ನಿಂತಿತು, ಅದನ್ನು ಬರಖಾಸ್ತು ಮಾಡಿದರು. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು, ಲೀಜನ್ ಗಂಟುಮೂಟೆ ಕಟ್ಟಿ ಫ್ರಾನ್ಸಿನ ಒಬಾನ್ಯ್‌ಗೆ ಹೋಯಿತು. 1966ರಲ್ಲಿ ಹಾಲಿವುಡ್ ‘ಬೋ ಜೆಸ್ಟ್’ ಕತೆಯನ್ನು ಮತ್ತೆ ತೆಗೆಯಿತು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ಚಿತ್ರ ‘ದಿ ಬ್ಯಾಟಲ್ ಆಫ್ ಅಲ್ಜೀರ್ಸ್’ ಗೋಲ್ಡನ್ ಲಯನ್ ಪ್ರಶಸ್ತಿ ಗೆದ್ದಿತು. ಅಲ್ಲಿ ಕ್ಯಾಮೆರಾ ಇದ್ದದ್ದು ಕಸ್ಬಾ ಅನ್ನುವ ಹಳೇ ಊರಿನ ಓಣಿಗಳಲ್ಲಿ, ಅಲ್ಜೀರಿಯನ್ನರ ಮನೆಗಳ ಒಳಗೆ.

ಮೊರಾಕ್ಕೊದ ಮಿಡೆಲ್ಟ್ ಊರಿನ ಕಡೆಯಿಂದ ಎರ್ಫೂದ್‌ಗೆ ಹೋಗುವ ರಸ್ತೆಯಲ್ಲಿ, ಝಿಝ್ ನದಿಯ ಪಕ್ಕ, ಒಂದು ಪುಟ್ಟ ಸುರಂಗ ಸಿಗುತ್ತದೆ. ಉದ್ದ ಸುಮಾರು 60 ಮೀಟರ್. 1920ರ ದಶಕದ ಕೊನೆಯಲ್ಲಿ ಬಂಡೆ ಕೊರೆದು ಮಾಡಿದ್ದು ಲೀಜನ್ನಿನವರೇ. ಅದಕ್ಕೆ ಲೀಜನ್ ಸುರಂಗ ಅಂತಲೇ ಹೆಸರು. ಮರಳು ದಿಬ್ಬ ನೋಡಲು ಹೊರಟ ಪ್ರವಾಸಿಗರ ಗಾಡಿಗಳು ಈಗಲೂ ಅದರೊಳಗೇ ಹಾದು ಹೋಗುತ್ತವೆ.